ಚಿಕ್ಕಿಯ ಹೊಟ್ಟೆಗೆ ಕಟ್ಟಿದ ಬಟ್ಟೆ

ಚಿಕ್ಕಿ ಈಗ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಬರಹ ಓದುವಾಗ ನಾನೂ ಕೊನೆಯ ಸಾಲನ್ನೇ ಮೊದಲು ನೋಡುವವಳು. ಮನೆಯಲ್ಲಿ ನರಳುವ ಜೀವವೊಂದನ್ನು ಇಟ್ಟುಕೊಂಡು ಓದುವವರಿಗೆ ಕೊನೆಯವರೆಗೆ ಕಾಯುವ ತಾಳ್ಮೆ ಇರುವುದಿಲ್ಲ. ಅವಳು ಬದುಕಿದಳು. ಇನ್ನು ಮುಂದಿನದನ್ನು ನಿಧಾನವಾಗಿ ಓದಬಹುದು.

ಬರೆಯುವುದಕ್ಕೆ ನನ್ನ ಬಳಿ ಎರಡು ಆಕರಗಳಿವೆ. ಒಂದು ನೆನಪು, ಇನ್ನೊಂದು ದಿನಚರಿ. ನಾನು ದೇವದುರ್ಗದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎರಡು ಆಕರಗಳು ಒಂದಕ್ಕೊಂದು ಹೊಂದದಿದ್ದಾಗ ಏನು ಮಾಡಬೇಕೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ನನ್ನದೇ ಮನೆಯ ಎರಡು ವಾರಗಳ ವಿಷಯದಲ್ಲಿ ಅವು ಹೊಂದಲಿಲ್ಲ. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಹಾಗೆಂದೇ ಬರೆಯುತ್ತೇನೆ.

ಚಿಕ್ಕಿ ಸಿಕ್ಕಿದ್ದು ದೇವದುರ್ಗದ ಬಸ್ ನಿಲ್ದಾಣದಲ್ಲಿ, ಶೇಂಗಾ ಮಾರುವ ಹೆಂಗಸಿನ ಬುಟ್ಟಿಯ ಹಿಂದೆ. ಕಂದು ಬಣ್ಣದ ನಾಯಿಮರಿ, ಹಣೆಯ ಮೇಲೆ ಮಾತ್ರ ಒಂದು ಬಿಳಿ ಚುಕ್ಕೆ. ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ರಾಯಚೂರಿನ ನಮ್ಮ ಮನೆಗೆ ತಂದೆ. ಕಂಡಕ್ಟರ್ ನೋಡಿಯೂ ನೋಡದವನಂತೆ ಮುಂದಕ್ಕೆ ಹೋದ. ಒಂದೂವರೆ ವರ್ಷದಲ್ಲಿ ಅವಳು ಬೆಳೆದದ್ದು ಎಂಟು ಕೆಜಿಯಷ್ಟು. ಓಣಿಯ ಬೆಕ್ಕುಗಳಿಗೂ ಅವಳ ಭಯವಿರಲಿಲ್ಲ.

ಮನೆಯಲ್ಲಿ ನಾನು ಮತ್ತು ಅವ್ವ, ಇಬ್ಬರೇ. ಅವ್ವ ಮಾನ್ವಿ ತಾಲ್ಲೂಕಿನ ಮಲ್ಲಟದವಳು. ಅಲ್ಲಿದ್ದಾಗ ಭತ್ತದ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದಳು, ಕರೆ ಬಂದಾಗ ಸೂಲಗಿತ್ತಿಯಾಗಿ ಹೋಗುತ್ತಿದ್ದಳು. ಬೇರೆ ದಿನ ಅವಳನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದ ಮನೆಗಳು ಹೆರಿಗೆಯ ಹೊತ್ತಿಗೆ ಒಳಕೋಣೆಯವರೆಗೆ ಕರೆಯುತ್ತಿದ್ದವು. ಆಕೆ ಓದಿದವಳಲ್ಲ. ಅವಳಿಗೆ ತಿಳಿದದ್ದೆಲ್ಲ ಅವಳ ಕೈಗಳಿಗೆ ತಿಳಿದದ್ದು.

ಯುಗಾದಿಯಾದ ಮೇಲೆ ನಮ್ಮ ಗೇಟಿನ ಮುಂದೆ ಗಂಡುನಾಯಿಗಳು ಸಾಲುಗಟ್ಟಿದವು. ಹಾಲಿನವನಿಗೂ ಒಳಗೆ ಬರಲಾಗದಂತಾಯಿತು. ಆ ಗಲಾಟೆ ಕಳೆದು ಒಂದಷ್ಟು ವಾರಗಳಾದ ಮೇಲೆ ಆಪರೇಷನ್ ಮಾಡಿಸುವುದೆಂದು ನಾನು ನಿರ್ಧರಿಸಿದೆ.

"ಗರ್ಭಚೀಲಾ ತಗಸ್ತೀ?" ಎಂದಳು ಅವ್ವ.

"ಹ್ಞೂಂ ಬೇ. ಇಲ್ಲಂದ್ರ ವರ್ಷಕ್ಕ ಎರಡ ಸಲ ಹಡೀತದ. ಮರಿ ಎಲ್ಲಿ ಬಿಡೂದು?"

"ಇದನ್ನ ಎಲ್ಲಿಂದ ತಂದಿ? ಅಲ್ಲೇ ಬಿಡು."

"ಯವ್ವಾ."

"ಒಂದ ಬಾಣಂತನ ಮಾಡ್ತಿದ್ನೆಲ್ಲ ಈ ಮನ್ಯಾಗ," ಎಂದು ಚಿಕ್ಕಿಯ ಕಿವಿ ಸವರುತ್ತ ಹೇಳಿದಳು. "ನೀನರ ಆ ಪುಣ್ಯಾ ಕಟ್ಕೊಳ್ಳಲಿಲ್ಲ. ಇಕಿದೂ ತಪ್ಪಸಾಕತ್ತಿ."

ನನಗೆ ನಲವತ್ತಾಗಿದೆ, ಮದುವೆಯಾಗಿಲ್ಲ. ಈ ಮಾತು ವಾರಕ್ಕೊಮ್ಮೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಆದರೂ ಆಪರೇಷನ್ ದಿನ ನನಗಿಂತ ಮೊದಲು ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದವಳು ಅವ್ವನೇ.

ದವಾಖಾನೆ ಚಿಕ್ಕದು. ಮುಂದೆ ತಗಡಿನ ಚಪ್ಪರ, ಅದರ ಕೆಳಗೆ ಒಂದು ಸಿಮೆಂಟಿನ ಕಟ್ಟೆ. ಚಿಕ್ಕಿಯನ್ನು ಹಿಂದಿನ ಸಂಜೆಯಿಂದ ಉಪವಾಸ ಇಟ್ಟಿದ್ದೆವು. ಅವಳು ಕಟ್ಟೆಯ ಮೇಲೆ ನಮ್ಮಿಬ್ಬರ ನಡುವೆ ಕೂತು ಹೋಗಿಬರುವವರ ಕೈಗಳನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಸಿರವಾರದ ಒಬ್ಬ ವ್ಯಾಪಾರಿ, ಮಡಿಲಲ್ಲಿ ಹತ್ತಿಯ ಉಂಡೆಯಂಥ ಬಿಳಿ ನಾಯಿ.

"ನಿಮ್ಮದು ಯಾವ ಜಾತಿರೀ?" ಎಂದು ಚಿಕ್ಕಿಯತ್ತ ಗದ್ದ ತೋರಿಸಿ ಕೇಳಿದ.

"ನಮ್ಮ ಜಾತಿನೇರಿ," ಎಂದಳು ಅವ್ವ, ನಗದೆ.

ಆತ ಸ್ವಲ್ಪ ಹೊತ್ತು ತನ್ನ ನಾಯಿಯ ಕೂದಲು ನೇವರಿಸಿದ. ಆಮೇಲೆ, "ಪಾಪ, ಶಾಣ್ಯಾ ಅದ," ಎಂದ.

ಕಾಂಪೌಂಡರ್ ಚಾಂದ್‌ಸಾಬ್ ಬಂದು ಚಿಕ್ಕಿಯನ್ನು ಎತ್ತಿಕೊಂಡು ಒಳಗೆ ಹೋದ. ಅವಳು ಅವನ ಹೆಗಲ ಮೇಲಿಂದ ನಮ್ಮನ್ನು ನೋಡುತ್ತಲೇ ಹೋದಳು. ಕೂಗಲಿಲ್ಲ. ಯಾಕೆ ಕರೆದೊಯ್ಯುತ್ತಿದ್ದಾರೆಂದು ಅವಳಿಗೆ ಹೇಳಿ ತಿಳಿಸುವ ಒಂದೇ ಒಂದು ದಾರಿಯೂ ನನ್ನ ಬಳಿ ಇರಲಿಲ್ಲ. ಮನುಷ್ಯರಿಗಾದರೆ ಒಂದು ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರೆ. ಇಲ್ಲಿ ಆ ಸಹಿಯನ್ನೂ ನಾನೇ ಹಾಕಿದ್ದೆ.

ಬಾಗಿಲು ಮುಚ್ಚಿದ ಮೇಲೆ ಅವ್ವ ನನ್ನ ಕಡೆ ತಿರುಗದೆ, "ನನ್ನೂ ಹಿಂಗ ಒಯ್ದಿದ್ರು," ಎಂದಳು. "ಎಚ್ಚರಾದಾಗ ಬಾಯಿ ಒಣಗಿ ಕಟಗಿ ಆಗಿತ್ತು. ಒಂದ ಹನಿ ನೀರ ತುಟಿಗೆ ಹಚ್ಚವರು ಇರಲಿಲ್ಲ."

ಅವಳ ಗರ್ಭಚೀಲವನ್ನು ತೆಗೆಸಿದ್ದು ನಾನು ವಿಶ್ವವಿದ್ಯಾಲಯದಲ್ಲಿದ್ದಾಗ. ನಮ್ಮ ಕಡೆ ಗದ್ದೆ ಕೆಲಸದ ಎಷ್ಟೋ ಹೆಂಗಸರಿಗೆ ಹಾಗೇ ಆಗಿದೆ.

"ನಾ ಬಂದಿದ್ನೆಲ್ಲ ಬೇ ಆಗ?" ಎಂದೆ.

"ನೀ ಪರೀಕ್ಷಿ ಮುಗಿಸ್ಕೊಂಡ ಬಂದಿ. ಅಷ್ಟೊತ್ತಿಗೆ ನಾ ಗದ್ದಿಗೆ ಹೊಂಟಿದ್ದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಆದರೆ ನಾನು ದಂಗಾದೆ. ಕಬ್ಬಿಣದ ಮಂಚದ ಪಕ್ಕ ಕೂತು ಚಮಚದಲ್ಲಿ ಅವಳಿಗೆ ನೀರು ಕುಡಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಗೋಡೆಯ ಹಸಿರು ಬಣ್ಣವೂ ನೆನಪಿದೆ. ಅದು ಯಾರ ಮಂಚವೋ, ಯಾವ ಗೋಡೆಯೋ, ಈಗ ತಿಳಿಯದು.

ಒಂದೂವರೆ ತಾಸಾದ ಮೇಲೆ ಚಾಂದ್‌ಸಾಬ್ ಹಳೆಯ ಚಾದರದಲ್ಲಿ ಸುತ್ತಿದ ಚಿಕ್ಕಿಯನ್ನು ತಂದು ಕಟ್ಟೆಯ ಮೇಲೆ ಮಲಗಿಸಿದ. ಕಣ್ಣು ತೆರೆದೇ ಇತ್ತು, ಆದರೆ ನೋಡುತ್ತಿರಲಿಲ್ಲ. ನಾಲಿಗೆ ಒಂದು ಬದಿಗೆ ಜಾರಿತ್ತು. ಬೋಳಿಸಿದ ಹೊಟ್ಟೆ ಗುಲಾಬಿ ಬಣ್ಣಕ್ಕೆ ತಿರುಗಿ, ಅದರ ಮೇಲೆ ಕಪ್ಪು ಮಚ್ಚೆಗಳು. ಅಷ್ಟು ದಿನ ಜೊತೆಗಿದ್ದೂ ಅವಳ ಚರ್ಮವನ್ನು ನಾನು ನೋಡಿಯೇ ಇರಲಿಲ್ಲ. ನಡುವೆ ಬೆರಳುದ್ದದ ಹೊಲಿಗೆ.

"ಫಿಕರ್ ಮಾಡಬ್ಯಾಡ್ರಿ ಮೇಡಂ. ನಶಾ ಇಳೀಬೇಕಷ್ಟ," ಎಂದ ಚಾಂದ್‌ಸಾಬ್.

ಅವ್ವ ಸೆರಗಿನ ತುದಿಯನ್ನು ಬಾಟಲಿಯ ನೀರಿನಲ್ಲಿ ಅದ್ದಿದಳು.

"ಯವ್ವಾ, ಈಗ ನೀರ ಕುಡಸಬಾರ್ದಂತ."

"ಕುಡಸಾಕತ್ತಿಲ್ಲ. ತುಟಿ ಹಸಿ ಮಾಡಾಕತ್ತೀನಿ," ಎಂದು ಚಿಕ್ಕಿಯ ನಾಲಿಗೆಗೆ, ತುಟಿಗೆ ಆ ಬಟ್ಟೆಯನ್ನು ಮೆಲ್ಲಗೆ ಒತ್ತಿದಳು. "ಇಲ್ಲೇ ಅದೀವಿ ನಮ್ಮವ್ವ. ಎಲ್ಲಿ ಹೋಗಿಲ್ಲ."

ಆಗ ಚಾದರದೊಳಗೆ ಬಾಲ ಒಂದು ಸಲ ಅಲುಗಿತು. ಕಣ್ಣಿಗೆ ಇನ್ನೂ ಏನೂ ಕಾಣುತ್ತಿರಲಿಲ್ಲ, ಕಾಲುಗಳಿಗೆ ತಾವು ಇರುವುದೇ ಗೊತ್ತಿರಲಿಲ್ಲ. ಇಡೀ ಮೈಯಲ್ಲಿ ಮೊದಲು ಎಚ್ಚರವಾದದ್ದು ಆ ದನಿಯನ್ನು ಗುರುತಿಸುವ ಜಾಗ. ಅದು ಎಲ್ಲಿರುತ್ತದೋ ನನಗೆ ತಿಳಿಯದು. ದಿನಚರಿಯಲ್ಲಿ ಆ ದಿನದ ಕೆಳಗೆ ಇರುವುದು ಒಂದೇ ಸಾಲು: "ಬಾಲ ಮೊದಲು ಬಂತು."

ಡಾಕ್ಟರ್ ಹೇಳಿದ್ದು ಇಷ್ಟು. ಗುಳಿಗೆ ತಪ್ಪಿಸಬಾರದು, ಹಾರಲು ಬಿಡಬಾರದು, ಗಾಯ ಒಣಗಿರಬೇಕು, ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ ಹಾಕಿಯೇ ಇರಬೇಕು. ಬುಟ್ಟಿಯೆಂದರೆ ತಳವಿಲ್ಲದ ಬುಟ್ಟಿ, ಅಗಲವಾದ ಬಾಯಿ ಮುಂದಕ್ಕೆ.

"ಲೌಡ್‌ಸ್ಪೀಕರ್ ಆಗ್ಯಾಳ ನೋಡು," ಎಂದು ಅವ್ವ ನಕ್ಕಳು. ಚಿಕ್ಕಿಗೆ ನಗು ಬರಲಿಲ್ಲ. ಬಾಗಿಲಿಗೆ ಬಡಿದುಕೊಂಡಳು, ಮಂಚದ ಕಾಲಿಗೆ ಬಡಿದುಕೊಂಡಳು. ಆಮೇಲೆ ಮೂಲೆಗೆ ಹೋಗಿ, ಮುಖ ಗೋಡೆಗೆ ಮಾಡಿ, ತಲೆ ತಗ್ಗಿಸಿ ನಿಂತೇಬಿಟ್ಟಳು. ಮಲಗಲಿಲ್ಲ.

ಎರಡನೆಯ ದಿನ ಆದದ್ದನ್ನು ಮೊದಲು ನನ್ನ ನೆನಪಿನಲ್ಲಿ ಇದ್ದಂತೆ ಬರೆಯುತ್ತೇನೆ. ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಬುಟ್ಟಿ ಬಿಚ್ಚಿಟ್ಟಿದೆ. ಚಿಕ್ಕಿಯ ಹೊಟ್ಟೆಗೆ ಹಳೆಯ ನೂಲಿನ ಸೀರೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿದೆ. ಒಳಗೆ ಔಡಲೆಣ್ಣೆಯಲ್ಲಿ ಕಾಯಿಸಿದ ಅರಿಸಿನ. ಅವ್ವ ಬಾಣಂತಿಯರ ಹೊಟ್ಟೆ ಕಟ್ಟುತ್ತಿದ್ದದ್ದು ಹೀಗೇ. ಹೆರಿಗೆಯಾದ ಹೊಟ್ಟೆಯನ್ನು ಸಡಿಲ ಬಿಟ್ಟರೆ ಒಳಗೆ ಗಾಳಿ ಸೇರುತ್ತದೆ, ನಡು ಬಿದ್ದುಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನಗೆ ಸಿಟ್ಟು ಬಂತು. ಆದರೆ ಚಿಕ್ಕಿ ಮೊದಲ ಬಾರಿಗೆ ಕಾಲು ಚಾಚಿ ಮಲಗಿದ್ದಳು, ಅದಕ್ಕೇ ಸುಮ್ಮನಾದೆ.

ಮುಂದಿನ ಎರಡು ದಿನ ಮನೆಯಲ್ಲಿ ನಾಯಿಯ ಬಾಣಂತನವೇ ನಡೆಯಿತು. ಅವ್ವ ಅನ್ನವನ್ನು ಮೆತ್ತಗೆ ಮಾಡಿ ಬೆರಳಿನಲ್ಲಿ ತಿನ್ನಿಸಿದಳು. ಸಂಜೆ ಕೆಂಡದ ಮೇಲೆ ಓಂಕಾಳು ಉದುರಿಸಿ ಹೊಗೆ ಹಾಕಿದಳು. ಹೊಗೆ ಕಂಡರೆ ಓಡುವ ನಾಯಿ ಅದರ ಪಕ್ಕದಲ್ಲೇ ಮಲಗಿ ಕಣ್ಣು ಮುಚ್ಚಿತು. ನೆರೆಮನೆಯ ಈರಮ್ಮ ಬಾಗಿಲಲ್ಲಿ ನಿಂತು, "ಏನ್ ಹಡದಾಳಬೇ, ಗಂಡೋ ಹೆಣ್ಣೋ?" ಎಂದು ಕೇಳಿದಳು.

"ಎರಡೂ ಅಲ್ಲ. ನಮಗ ಕೆಲಸಾ ಹಡದಾಳ," ಎಂದಳು ಅವ್ವ.

ರಾಯಚೂರಿನ ಬೇಸಿಗೆಯನ್ನು ಯಾರಿಗೂ ವರ್ಣಿಸಿ ಹೇಳಬೇಕಿಲ್ಲ. ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು, ಕೂಲರ್ ನಿಲ್ಲುತ್ತಿತ್ತು. ನಾವು ಬೆವರು ಒರೆಸಿಕೊಳ್ಳುತ್ತಿದ್ದೆವು. ಎಣ್ಣೆ, ಅರಿಸಿನ, ಬಿಗಿಬಟ್ಟೆಯ ಕೆಳಗೆ ಆ ಗಾಯ ಏನಾಗುತ್ತಿರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಐದನೆಯ ದಿನ ಬೆಳಿಗ್ಗೆ ಏನೋ ವಾಸನೆ ಬಂದು ನಾನು ಬಟ್ಟೆ ಬಿಚ್ಚಿದಾಗ ಹೊಲಿಗೆಯ ಸುತ್ತ ಚರ್ಮ ಕೆಂಪಗೆ ಉಬ್ಬಿತ್ತು. ನಡುವಿನ ಎರಡು ಹೊಲಿಗೆ ಬಿಟ್ಟು ಕೀವು ಬರುತ್ತಿತ್ತು. ಚಿಕ್ಕಿಯ ಕಿವಿಗಳು ಸುಡುತ್ತಿದ್ದವು. ಅನ್ನದ ತಟ್ಟೆ ಮುಂದಿಟ್ಟರೆ ಮುಖ ತಿರುಗಿಸಿದಳು. ಆಟೋದಲ್ಲಿ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಅವಳ ಎದೆಬಡಿತ ನನ್ನ ಅಂಗೈಗೆ ಹಕ್ಕಿಯದರಂತೆ ತಾಗುತ್ತಿತ್ತು.

ಗಾಯಕ್ಕೆ ಮುಚ್ಚಿಕೊಂಡು ತಂದಿದ್ದ ಬಟ್ಟೆಯ ಪಟ್ಟಿಯನ್ನು ಡಾಕ್ಟರ್ ಚಿಮಟದಲ್ಲಿ ಎತ್ತಿ ಹಿಡಿದರು. "ಯಾರ್ರೀ ಇದನ್ನ ಕಟ್ಟಿದ್ದು?"

"ನಮ್ಮವ್ವ," ಎಂದೆ.

ಅವ್ವ ಬಾಗಿಲ ಹತ್ತಿರ ಪ್ಲಾಸ್ಟಿಕ್ ಬುಟ್ಟಿ ಹಿಡಿದು ನಿಂತಿದ್ದಳು.

"ಯವ್ವಾ, ಇದು ಬಾಣಂತಿ ಅಲ್ಲ. ಕೊಯ್ದ ಗಾಯ. ಗಾಳಿ ಆಡಬೇಕು ಇದಕ್ಕ," ಎಂದರು ಡಾಕ್ಟರ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. "ಪುಣ್ಯಾಕ್ಕ ಒಳಗಿನ ಹೊಲಿಗಿ ಗಟ್ಟಿ ಅದ. ಅದೂ ಬಿಟ್ಟಿದ್ರ ಕರಳ ಹೊರಗ ಬರ್ತಿತ್ತು. ಜ್ವರಾ ಎರಡ ದಿನದಾಗ ಇಳೀಬೇಕು. ಇಳೀಲಿಲ್ಲಂದ್ರ ಮತ್ತ ಕೊಯ್ಬೇಕಾಗ್ತದ. ಆಗ ನಾ ಏನೂ ಮಾತು ಕೊಡಾಕ ಬರೂದಿಲ್ಲ."

ಅವ್ವ ಬುಟ್ಟಿಯ ಅಂಚನ್ನು ಬೆರಳಿನಿಂದ ಉಜ್ಜುತ್ತ ನಿಂತಳು.

ಆ ಗಾಯವನ್ನು ಮತ್ತೆ ಹೊಲಿಯುವಂತಿರಲಿಲ್ಲ. ತೆರೆದೇ ಬಿಟ್ಟು, ದಿನಕ್ಕೆ ಮೂರು ಹೊತ್ತು ಸಲೈನ್ ನೀರಿನಿಂದ ತೊಳೆದು ಮುಲಾಮು ಹಚ್ಚಬೇಕು. "ನೊಣಾ ಕೂತ್ರ ಹುಳಾ ಬೀಳ್ತಾವ. ಒಂದ ಹೊತ್ತೂ ತಪ್ಪಸಬ್ಯಾಡ್ರಿ," ಎಂದರು ಡಾಕ್ಟರ್. ದಿನಾ ಇಂಜೆಕ್ಷನ್‌ಗೂ ಕರೆತರಬೇಕಿತ್ತು.

ಮನೆಗೆ ಬಂದ ಮೇಲೆ ಅವ್ವ ತನ್ನ ಹಾಸಿಗೆಯನ್ನು ಅಡುಗೆಮನೆಯ ಬಾಗಿಲಿಗೆ ಸರಿಸಿಕೊಂಡಳು. ಅಂದಿನಿಂದ ಚಿಕ್ಕಿಯನ್ನು ಮುಟ್ಟಲಿಲ್ಲ. ಅನ್ನ ಕಲಸಿ ತಟ್ಟೆಯನ್ನು ನನ್ನ ಕೈಗೆ ಕೊಡುತ್ತಿದ್ದಳು. ತೊಳೆಯುವ ಹೊತ್ತಿಗೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಚಿಕ್ಕಿ ಬುಟ್ಟಿ ಹೊತ್ತುಕೊಂಡು ತೂರಾಡುತ್ತ ಅವಳ ಹಾಸಿಗೆಯವರೆಗೆ ಹೋದರೆ, ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂಡುತ್ತಿದ್ದಳು.

ನಾನು ಒಬ್ಬಳೇ ತೊಳೆಯುತ್ತಿದ್ದೆ. ಚಿಕ್ಕಿಯ ಬಾಯಿಗೆ ಮೆತ್ತನೆಯ ಬಟ್ಟೆ ಕಟ್ಟಿ, ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಒಂದು ಕೈಯಲ್ಲಿ ಸಿರಿಂಜಿನಿಂದ ನೀರು ಬಿಡುತ್ತಿದ್ದೆ. ಅವಳು ಒದೆಯುತ್ತಿದ್ದಳು, ನಡುಗುತ್ತಿದ್ದಳು. ಬಟ್ಟೆ ಕಟ್ಟಲು ತಡವಾದ ಒಂದು ಸಲ ನನ್ನ ಮಣಿಕಟ್ಟಿಗೆ ಹಲ್ಲು ಹಾಕಿದಳು. ಕೆಲಸ ಮುಗಿಸಿ ಬಿಟ್ಟ ಕೂಡಲೇ ದೂರ ಓಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾನೇ ತಿರುಗಿ ಬಂದು, ಬುಟ್ಟಿಯ ಅಂಚು ನನ್ನ ತೊಡೆಗೆ ಚುಚ್ಚುವಂತೆ ಒರಗಿ ನಿಲ್ಲುತ್ತಿದ್ದಳು. ನೋವು ಕೊಟ್ಟವರು ಯಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬರುತ್ತಿದ್ದಳು. ಇದನ್ನು ಕ್ಷಮೆ ಎಂದು ಕರೆದರೆ ನಮ್ಮ ಪದವನ್ನು ಅವಳ ಮೇಲೆ ಹೊರಿಸಿದಂತೆ. ನನ್ನ ಬಳಿ ಬೇರೆ ಪದವೂ ಇಲ್ಲ.

ಇಂಜೆಕ್ಷನ್ ಶುರುವಾದ ಎರಡನೆಯ ದಿನದ ಸಂಜೆ ಜ್ವರ ಇಳಿಯಿತು. ಡಾಕ್ಟರ್ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಇಟ್ಟು ನೋಡಿ, "ಹ್ಞಾಂ," ಎಂದರು. ಆ ಒಂದು ಅಕ್ಷರ ಕೇಳಿ ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ. ಚಾಂದ್‌ಸಾಬ್ ಸ್ಟೂಲು ಎಳೆದು, "ಕೂಡ್ರಿ ಮೇಡಂ, ನೀವೂ ಪೇಷಂಟ್ ಆಗಬ್ಯಾಡ್ರಿ," ಎಂದ.

ಆದರೆ ಗಾಯ ಇನ್ನೂ ತೆರೆದೇ ಇತ್ತು, ನನ್ನ ಹೆಬ್ಬೆರಳಿನಷ್ಟು ಉದ್ದ. ಅದರ ಭಯ ಮೊದಲಿನ ಎರಡು ದಿನ ಮಾತ್ರ ಇತ್ತು. ಆಮೇಲೆ ನಾನು ಅದನ್ನು ನೋಡುವುದಕ್ಕೆಂದೇ ಬೆಳಗಾಗುವುದನ್ನು ಕಾಯತೊಡಗಿದೆ. ಒಳಗೆ ಸಣ್ಣ ಸಣ್ಣ ಕೆಂಪು ಕಾಳುಗಳು ಎದ್ದಿದ್ದವು, ಬಿಡಿಸಿದ ದಾಳಿಂಬೆಯಲ್ಲಿ ಇರುತ್ತವಲ್ಲ, ಹಾಗೆ. ಕೆಟ್ಟದ್ದೇನೋ ಎಂದು ಹೆದರಿ ಡಾಕ್ಟರಿಗೆ ತೋರಿಸಿದೆ.

"ಹೊಸಾ ಮಾಂಸರಿ ಅದು. ತಳದಿಂದ ಮ್ಯಾಲಕ್ಕ ಬರ್ತದ. ನಾವು ಬರೇ ಹಾದಿ ಸ್ವಚ್ಛ ಇಡೂದು," ಎಂದರು.

ತಳದಿಂದ ಮೇಲಕ್ಕೆ. ಬೆಳಿಗ್ಗೆ ಕಂಡ ಗುಳಿ ಸಂಜೆಗೆ ಅಷ್ಟು ಆಳವಿರುತ್ತಿರಲಿಲ್ಲ. ಅಂಚಿನಿಂದ ತೆಳ್ಳನೆಯ, ಹಾಲಿನ ಕೆನೆಯಂಥ ಪೊರೆ ಒಳಕ್ಕೆ ಸರಿಯುತ್ತಿತ್ತು. ಯಾರೂ ಹೇಳಿಕೊಡದೆ, ಅವಳಿಗೇ ತಿಳಿಯದೆ, ಅವಳು ನಿದ್ದೆ ಮಾಡುವಾಗಲೂ ಆ ಕೆಲಸ ನಡೆದಿತ್ತು. ಬಸ್ ನಿಲ್ದಾಣದ ಮಣ್ಣಿನಲ್ಲಿ ಸಿಕ್ಕ ಎಂಟು ಕೆಜಿಯ ಜೀವದೊಳಗೆ ಇಷ್ಟೊಂದು ತಿಳಿವಳಿಕೆ ಇದೆಯೆಂದು ನಾನು ಯೋಚಿಸಿರಲಿಲ್ಲ. ನನ್ನೊಳಗೂ ಅದು ಇರಬೇಕು. ನಲವತ್ತು ವರ್ಷ ಅದರ ಬಲದಲ್ಲೇ ನಡೆದಿದ್ದೇನೆ.

ಗುಳಿಗೆ ಯಾವತ್ತಿನಿಂದ ಶುರುವಾಯಿತೆಂದು ಡಾಕ್ಟರ್ ಕೇಳಿದ್ದರಿಂದ ಒಂದು ಮಧ್ಯಾಹ್ನ ದಿನಚರಿ ತೆಗೆದೆ. ಎರಡನೆಯ ದಿನದ ಪುಟದಲ್ಲಿ ನನ್ನ ಕೈಬರಹದಲ್ಲಿ ಹೀಗಿತ್ತು:

"ಬುಟ್ಟಿ ಹಾಕಿಕೊಂಡು ನಿಂತದ್ದನ್ನು ನೋಡಲಾಗಲಿಲ್ಲ. ಬಿಚ್ಚಿದೆ. ನೆಕ್ಕಲು ಹೋದಳು. ಹೊಟ್ಟೆ ಕಟ್ಟು ಎಂದು ಅವ್ವನಿಗೆ ಹೇಳಿದೆ. ಕೊಯ್ದ ಹೊಟ್ಟೆ ತಾನು ಯಾವತ್ತೂ ಕಟ್ಟಿಲ್ಲ, ಬೇಡ ಎಂದಳು. ಬಾಣಂತಿಯರಿಗೆ ಕಟ್ಟಿದಂತೆಯೇ ಕಟ್ಟು, ಏನೂ ಆಗುವುದಿಲ್ಲ ಎಂದೆ. ಕಟ್ಟಿದಳು. ಮಲಗಿದಳು ಪಾಪ."

ಐದನೆಯ ದಿನದ್ದು: "ಅವ್ವ ಎಬ್ಬಿಸಿದಳು. ಬಟ್ಟೆಯಿಂದ ವಾಸನೆ ಬರುತ್ತಿದೆ ಎಂದಳು. ನನಗೆ ಬರಲಿಲ್ಲ. ಬೆವರಿನದಿರಬೇಕು, ಮಲಗು ಎಂದೆ. ಕೇಳಲಿಲ್ಲ. ತಾನೇ ಬಿಚ್ಚಿದಳು."

ಎರಡೂ ಪುಟಗಳನ್ನು ಮೂರು ಸಲ ಓದಿದೆ. ನನ್ನ ನೆನಪಿನಲ್ಲಿ ಬುಟ್ಟಿ ಬಿಚ್ಚಿ ತಾನಾಗಿಯೇ ಕಟ್ಟಿದವಳು ಅವ್ವ, ವಾಸನೆ ಹಿಡಿದವಳು ನಾನು. ಯಾವಾಗ ಅದಲುಬದಲಾಯಿತು? ಆಟೋದಲ್ಲೇ ಆಗಿರಬೇಕು. ಡಾಕ್ಟರ್ "ಯಾರು ಕಟ್ಟಿದ್ದು" ಎಂದು ಕೇಳುವ ಹೊತ್ತಿಗೆ ನಾನು ಹೇಳಿದ್ದು ನನಗೇ ನಿಜವಾಗಿತ್ತು. ಸುಳ್ಳು ಹೇಳಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಪುಟ ತೆರೆದುಕೊಂಡೇ ಹೋಗಿ ಎದುರಿಗೆ ಕೂತೆ. ಅವಳಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು.

"ನನಗೇನ್ ಗೊತ್ತಿಲ್ಲೇನು?" ಎಂದಳು. "ನಾ ಅಲ್ಲೇ ಇದ್ನೆಲ್ಲ."

"ಮತ್ತ ಡಾಕ್ಟರ್ ಮುಂದ ಯಾಕ ಹೇಳಲಿಲ್ಲ ಬೇ?"

"ನಿನ್ನ ಕೈಯಾಗ ಅದಿತ್ತು. ಹೋಗ್ತದೋ ಉಳೀತದೋ ಅನ್ನೂವಂಗಿತ್ತು. ಆಗೇನ್ ಜಗಳಾ ತಗಿಯೂದು?" ಒಂದು ಕಲ್ಲನ್ನು ಹುಡುಕಿ ತೆಗೆದು ಹೊರಗೆ ಎಸೆದಳು. "ಮತ್ತ, ಕಟ್ಟಿದ ಕೈ ನಂದ. ಅದು ಸುಳ್ಳಲ್ಲ."

"ನಾ ಕಟ್ಟು ಅಂದಿದ್ದೆ. ನೀ ಬ್ಯಾಡ ಅಂದಿದ್ದಿ."

"ಬ್ಯಾಡ ಅಂದಾಕಿ ಬ್ಯಾಡ ಅಂತ ಕೂಡಬೇಕಿತ್ತು. ಮಗಳು ಕಲಿತಾಕಿ, ಆಕಿಗೆ ತಿಳೀತದ ಅಂದ್ಕೊಂಡೆ. ನೀ, ಅವ್ವ ಸೂಲಗಿತ್ತಿ, ಆಕಿಗೆ ತಿಳೀತದ ಅಂದ್ಕೊಂಡಿ." ಅವಳು ಸ್ವಲ್ಪ ನಕ್ಕಳು. "ಇಬ್ಬರೂ ಶಾಣ್ಯಾರು ಕೂಡಿ ನಾಯಿ ಕೊಲ್ಲಾಕತ್ತಿದ್ವಿ."

"ಮುಟ್ಟು ಈಗ ಅದನ್ನ. ಒಂದ ಸಲಾನರ. ನಿನ್ನ ಹುಡುಕ್ಯಾಡಾಕತ್ತದ."

ನಗು ಹೋಯಿತು. ಮರದ ಬಾಗಿಲಿನ ಹಿಂದೆ ಚಿಕ್ಕಿ ಮಲಗಿದ್ದ ಕಡೆ ನೋಡಿದಳು. "ಆಗೂದಿಲ್ಲಬೇ. ಕೈ ಅಂಜಾಕತ್ತಾವ. ಅಡ್ಡ ಬಂದ ಕೂಸು ತಿರುಗಿಸುವಾಗ ಅಂಜಿಲ್ಲ ಈ ಕೈ. ಈಗ ಅನ್ನಾ ಕಲಸೂಮುಂದ ಸುದ್ದಾ ನಡಗ್ತಾವ."

ಅವಳು ಕೈಗಳನ್ನು ಮುಂದೆ ಚಾಚಿ ತೋರಿಸಿದಳು. ಹೌದು, ನಡುಗುತ್ತಿದ್ದವು. ನಾನು ಅವನ್ನು ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಂಡೆನೇ? ದಿನಚರಿಯಲ್ಲಿ ಅದಿಲ್ಲ. ನೆನಪು ಹಿಡಿದುಕೊಂಡೆ ಎನ್ನುತ್ತದೆ, ಆದರೆ ಅದನ್ನು ನಂಬುವ ಧೈರ್ಯ ಈಗ ನನಗಿಲ್ಲ.

ಮರುದಿನ ಇಂಜೆಕ್ಷನ್‌ಗೆ ಹೋದಾಗ ಡಾಕ್ಟರಿಗೆ ಹೇಳಿದೆ, ಕಟ್ಟಲು ಹೇಳಿದವಳು ನಾನು, ಕೆಟ್ಟಿದೆ ಎಂದು ಗುರುತಿಸಿದವಳು ಅವ್ವ ಎಂದು. ಅವರು ಸಿರಿಂಜಿಗೆ ಔಷಧಿ ಎಳೆಯುತ್ತ, "ಇನ್ನೊಂದ ದಿನಾ ತಡಾ ಆಗಿದ್ರ ಇದು ಇರ್ತಿರಲಿಲ್ಲರಿ. ಅವರಿಗೆ ಹೇಳ್ರಿ," ಎಂದರು. ಹೇಳಿದೆ. ಅವ್ವ, "ಹ್ಞೂಂ," ಎಂದು ಹಿತ್ತಿಲಿಗೆ ಹೋದಳು.

ಹೀಗಿರುವಾಗ ದೇವದುರ್ಗದಲ್ಲಿ ನನಗೆ ಪರೀಕ್ಷೆಯ ಕೆಲಸ ಬಂತು. ತಪ್ಪಿಸಿಕೊಳ್ಳುವಂತಿರಲಿಲ್ಲ. ಬೆಳಿಗ್ಗೆ ತೊಳೆದು ಹೋದರೆ ತಿರುಗಿ ಬರುವುದು ಸಂಜೆಗೆ. ಮಧ್ಯಾಹ್ನದ ಹೊತ್ತು ತಪ್ಪುತ್ತದೆ. ನೊಣಗಳು ವಿಪರೀತವಾಗಿದ್ದ ದಿನಗಳು ಅವು. ಚಾಂದ್‌ಸಾಬನನ್ನು ಕೇಳಿದೆ. ಆ ದಿನ ಮಾನ್ವಿಯ ಕಡೆ ಡಾಕ್ಟರ ಜೊತೆ ಹೋಗಬೇಕಿದೆ ಎಂದ. ಈರಮ್ಮನನ್ನು ಕೇಳಿದೆ. "ಕಡೀತದಲ್ಲಬೇ ಅದು," ಎಂದಳು. ಅವ್ವನನ್ನು ನಾನು ಕೇಳಲಿಲ್ಲ. ಮತ್ತೊಮ್ಮೆ ಅವಳ ಕೈಗೆ ಹೇರುವುದು ಬೇಡವೆನಿಸಿತು. ಸಲೈನು, ಹತ್ತಿ, ಮುಲಾಮು ಎಲ್ಲವನ್ನೂ ಕಿಟಕಿಯ ಪಕ್ಕ ಇಟ್ಟೆ. ಸೊಳ್ಳೆ ಪರದೆಯೊಳಗೆ ಚಿಕ್ಕಿಯನ್ನು ಮಲಗಿಸಿದೆ. "ನೊಣಾ ಬರದಂಗ ನೋಡ್ಕೋ ಬೇ, ಅಷ್ಟ ಸಾಕು," ಎಂದು ಹೇಳಿ ಬಸ್ ಹತ್ತಿದೆ.

ಪರೀಕ್ಷೆಯ ಕೋಣೆಯಲ್ಲಿ ಮೂರು ತಾಸು ಸಾಲುಗಳ ನಡುವೆ ಓಡಾಡಿದೆ. ಕಿಟಕಿಯ ಸರಳಿನ ಮೇಲೆ ನೊಣಗಳು ಕೂತಿದ್ದವು. ಒಂದೊಂದನ್ನೂ ನೋಡುತ್ತಿದ್ದೆ. ಹೆಚ್ಚಿನ ಹಾಳೆ ಕೇಳಿದ ಹುಡುಗಿಯೊಬ್ಬಳು ಎರಡು ಸಲ ಕರೆಯಬೇಕಾಯಿತು. ಬರುವಾಗ ಬಸ್ಸಿನ ಟೈರು ದಾರಿಯಲ್ಲಿ ಪಂಕ್ಚರ್ ಆಗಿ, ಮನೆ ಮುಟ್ಟಿದಾಗ ಸಂಜೆ ಆರು ದಾಟಿತ್ತು. ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು.

ಬಾಗಿಲು ತೆರೆದಿತ್ತು. ಅವ್ವ ಪಡಸಾಲೆಯ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲುಗಳನ್ನು ಉದ್ದಕ್ಕೆ ಚಾಚಿ ಕೂತಿದ್ದಳು, ಸೀರೆ ಮೊಣಕಾಲಿನವರೆಗೆ ಏರಿತ್ತು. ಹುಟ್ಟಿದ ಕೂಸುಗಳಿಗೆ ನೀರೆರೆಯುವಾಗ ಸೂಲಗಿತ್ತಿಯರು ಕೂಡುವುದು ಹಾಗೆ. ಆ ಕಾಲುಗಳ ನಡುವಿನ ತಗ್ಗಿನಲ್ಲಿ ಚಿಕ್ಕಿ ಅಂಗಾತ ಮಲಗಿದ್ದಳು. ಕೊರಳಿಗೆ ಬುಟ್ಟಿ ಇರಲಿಲ್ಲ, ಬಾಯಿಗೆ ಬಟ್ಟೆ ಇರಲಿಲ್ಲ. ನಾಲ್ಕೂ ಕಾಲುಗಳು ಸಡಿಲವಾಗಿ ಗಾಳಿಯಲ್ಲಿದ್ದವು. ಅವ್ವ ಬೋಗುಣಿಯಿಂದ ಹತ್ತಿಯನ್ನು ಅದ್ದಿ ಗಾಯದ ಮೇಲೆ ಹಿಂಡುತ್ತಿದ್ದಳು. ನೀರು ಅವಳ ಮೊಣಕಾಲಿಗೆ ಹರಿದು ನೆಲಕ್ಕೆ ಇಳಿಯುತ್ತಿತ್ತು. ತೊಳೆಯುತ್ತ ತೊಳೆಯುತ್ತ ಅವಳು ಏನೋ ಹೇಳುತ್ತಿದ್ದಳು, ನನಗೆ ಕೇಳಿಸದಷ್ಟು ಮೆಲ್ಲಗೆ. ಚಿಕ್ಕಿ ಕಣ್ಣು ಮಿಟುಕಿಸದೆ ಅವಳ ಬಾಯಿಯನ್ನೇ ನೋಡುತ್ತಿದ್ದಳು.

ನಾನು ಹೊಸ್ತಿಲಲ್ಲೇ ನಿಂತೆ. ಗಾಯದ ಎರಡೂ ಅಂಚುಗಳು ಹತ್ತಿರ ಬಂದು, ನಡುವೆ ಹುಣಸೆಬೀಜದಷ್ಟು ಕೆಂಪು ಮಾತ್ರ ಉಳಿದಿತ್ತು. ಸ್ವಚ್ಛವಾಗಿತ್ತು.

"ಮಧ್ಯಾಹ್ನಾನೂ ತೊಳದೀನಿ," ಎಂದಳು ಅವ್ವ, ತಲೆ ಎತ್ತದೆ. "ಪರದಿಯೊಳಗ ಒಂದ ನೊಣಾ ಹೊಕ್ಕಿತ್ತು. ಮತ್ತೇನ್ ಮಾಡ್ಲಿ?"

"ಕೈ ನಡುಗಲಿಲ್ಲೇನು?"

"ನಡಗಿದ್ವು. ಇಕಿ ಬಂದು ಕಾಲಾಗ ಮಕ್ಕೊಂಡ್ಲು. ಆಮ್ಯಾಲ ನಡುಗಾಕ ಎಲ್ಲಿ ಬಿಡುವು." ಹೊಸ ಹತ್ತಿಯನ್ನು ನೀರಿಗೆ ಅದ್ದಿದಳು. "ಬಾಗಲಾ ಮುಂದ ಮಾಡು, ಧೂಳ ಬರ್ತದ. ಕೈ ತೊಳ್ಕೊಂಡ ಬಾ, ಬಂದು ಹಿಡಿ."

ಬಾಗಿಲು ಮುಚ್ಚಿ, ಕೈ ತೊಳೆದುಕೊಂಡು ಬಂದು ಅವಳ ಪಕ್ಕ ಕೂತೆ. ಚಿಕ್ಕಿ ಅಲುಗದೆ ಮಲಗಿದ್ದಳು, ಹಿಡಿಯುವುದಕ್ಕೆ ಏನೂ ಇರಲಿಲ್ಲ.